ಬಾವಿ ಪಕ್ಕ ಒಂದು ಜೊತೆ ಚಪ್ಪಲಿ

ಅಮ್ಮನಿಗೆ ಲಂಡನ್ ಪೂರಾ ತೋರಿಸಿದೆ. ಅರಮನೆಗೂ ಸೇತುವೆಗೂ ಒಂದೇ "ಹೂಂ". ಕೊನೆಗೆ ಅವಳೇ, "ಯಾವುದಾದರೂ ಹಳ್ಳಿ ತೋರಿಸೋ" ಅಂದಳು.

ಆಕ್ಸ್‌ಫರ್ಡ್‌ಶೈರಿನ ಸ್ಟೋಕ್ ರೋ ಅನ್ನೋ ಹಳ್ಳಿಗೆ ಹೊರಟೆವು. ಆ ಕಡೆ ನಾರ್ತ್ ಸ್ಟೋಕ್, ಸೌತ್ ಸ್ಟೋಕ್ ಅಂತಲೂ ಊರುಗಳಿವೆ. ನನ್ನ ದಾರಿಜ್ಞಾನದ ದಯೆಯಿಂದ ಎರಡನ್ನೂ ನೋಡಿಕೊಂಡೇ ತಲುಪಿದೆವು.

ಊರ ನಡುವೆ ಗುಮ್ಮಟದ ಮಂಟಪ. ಒಳಗೆ ರಾಟೆಯ ಮೇಲೆ ಚಿನ್ನದ ಬಣ್ಣದ ಆನೆ. ಅಮ್ಮನ ಮುಖ ಅರಳಿತು. "ಕಾಶಿ ಮಹಾರಾಜ ಕಟ್ಟಿಸಿದ ಬಾವಿ" ಅಂದದ್ದೇ ತಡ, ಚಪ್ಪಲಿ ಬಿಟ್ಟಳು. ಹುಲ್ಲು ಒದ್ದೆ, ಕಾಲಲ್ಲಿ ಉಣ್ಣೆಯ ಸಾಕ್ಸು. ಯಾರು ಹೇಳೋದು?

ಇದು ಸೀಮೆಸುಣ್ಣದ ಗುಡ್ಡಗಳ ಸೀಮೆ. ಬಿದ್ದ ಮಳೆ ಒಳಗಿಳಿದು ಮಾಯ. ಹಿಂದೆ ಕುಡಿಯುವ ನೀರಿಗೇ ಪರದಾಟ. ಮನೆಯಲ್ಲಿದ್ದ ಕೊನೇ ಗುಟುಕು ಕುಡಿದನೆಂದು ಹುಡುಗನೊಬ್ಬ ತಾಯಿಯಿಂದ ಏಟು ತಿಂದನಂತೆ. ಪಕ್ಕದ ಇಪ್ಸ್‌ಡೆನ್ ಮೂಲದ ಎಡ್ವರ್ಡ್ ರೀಡ್ ಇಂಡಿಯಾದಲ್ಲಿ ಅಧಿಕಾರಿ. ಈ ಕತೆಯನ್ನು ಕಾಶಿಯ ಈಶ್ವರಿ ಪ್ರಸಾದ್ ನಾರಾಯಣ ಸಿಂಗರಿಗೆ ಹೇಳಿದ್ದ. ರಾಜರು ಮರೆಯಲಿಲ್ಲ, ದುಡ್ಡು ಕೊಟ್ಟರು. 1864ರಲ್ಲಿ ಬಾವಿ ತೆರೆಯಿತು. ಅಗಲ 4 ಅಡಿ, ಆಳ 368 ಅಡಿ, ಎಲ್ಲ ಕೈಯಲ್ಲೇ ತೋಡಿದ್ದು. ನಮ್ಮೂರ ಬೋರ್‌ವೆಲ್ಲಿನವರು ಕೇಳಿದರೆ ಕೈ ಮುಗಿದಾರು. ಖರ್ಚು ನಿಭಾಯಿಸಲು ಪಕ್ಕದಲ್ಲೇ ಚೆರ್ರಿ ತೋಟ ಬೇರೆ.

"1964ರಲ್ಲಿ ನೂರು ವರ್ಷ ತುಂಬಿದಾಗ ಇದಕ್ಕೆ ಗಂಗಾಜಲ ಸುರಿದರು" ಅಂದೆ. ಅಮ್ಮ ಕೈಮುಗಿದು, ಬರಿ ಸಾಕ್ಸಿನಲ್ಲೇ ಪ್ರದಕ್ಷಿಣೆ ಹಾಕಿ, ಚೆರ್ರಿ ತೋಟದ ಕಡೆ ನಡೆದಳು. ನಾನು ಫೋಟೋ ತೆಗೆಯುತ್ತಾ ಹಿಂದೆ ಹೋದೆ.

ತಿರುಗಿ ಬಂದರೆ ಬಾವಿ ಹತ್ತಿರ ನಾಯಿ ಹಿಡಿದ ಅಜ್ಜಿಯೊಬ್ಬರು. ಒಮ್ಮೆ ಚಪ್ಪಲಿ ನೋಡುತ್ತಾರೆ, ಒಮ್ಮೆ ಬಾವಿಯೊಳಗೆ ಬಗ್ಗುತ್ತಾರೆ. ಕೈಯಲ್ಲಿ ಫೋನ್, ಮುಖ ಬಿಳಿಚಿದೆ. ಬಾವಿ ಪಕ್ಕ ಜೋಡಿಸಿಟ್ಟ ಚಪ್ಪಲಿ ಕಂಡರೆ ಯಾವ ದೇಶದವರಿಗಾದರೂ ಒಂದೇ ಅರ್ಥ ಅಲ್ವಾ?

ನಾನು ಓಡಿದೆ. "ಅದು ನಮ್ಮಮ್ಮನ ಚಪ್ಪಲಿ!" ಅಂತ ಕೂಗಿದೆ. ಅವರು ಇನ್ನೂ ಜಾಸ್ತಿ ಗಾಬರಿಯಾದರು. ಅಷ್ಟರಲ್ಲಿ ಅಮ್ಮ ಮರದ ಹಿಂದಿನಿಂದ ಬಂದಳು. ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡು ಕಟ್ಟೆಗೊರಗಿದರು. ನಾಯಿ ಮಾತ್ರ ಚಪ್ಪಲಿ ಮೂಸುತ್ತಲೇ ಇತ್ತು.

ಕಾರಲ್ಲಿ ಸಾಕ್ಸ್ ಹಿಂಡುತ್ತಾ ಅಮ್ಮ ಕೇಳಿದಳು, "ಏನಂತೆ ಆಯಮ್ಮಂದು?"

ಹೇಳಿದೆ.

"ಥೂ! ಬೀಳೋ ಹಾಗಿದ್ರೆ ಹೊಸ ಚಪ್ಪಲಿ ಯಾಕೆ ತಗೋತಿದ್ದೆ?"