ಕಾಲೇಜಿನ ಹೆಸರು ಎಲ್ಲಿವರೆಗೆ ನಡೆಯುತ್ತೆ?

ಮೈಸೂರು, ಮಂಡ್ಯದ ಕಡೆ ಎಂಬಿಎ ಮಾತು ಬಂದರೆ ಎರಡನೇ ವಾಕ್ಯಕ್ಕೇ 'ಹೈಯೆಸ್ಟ್ ಪ್ಯಾಕೇಜ್ ಎಷ್ಟಂತೆ?' ಅನ್ನುವ ಪ್ರಶ್ನೆ ಬಿದ್ದುಬಿಡುತ್ತದೆ. ನಾನಿರುವ ಮುಂಬೈಯಲ್ಲಿ ಅದೇ ಮಾತು ಬೇರೆ ದಾರಿ ಹಿಡಿಯುತ್ತದೆ: ಕ್ಯಾಂಪಸ್‌ಗೆ ಯಾವ ಕಂಪನಿ ಬರುತ್ತದೆ, ಬಂದು ಎಷ್ಟು ಜನರನ್ನು ತೆಗೆದುಕೊಳ್ಳುತ್ತದೆ, ಸೀನಿಯರ್‌ಗಳು ಈಗ ಎಲ್ಲಿದ್ದಾರೆ. ಎರಡೂ ಕಡೆಯವರು ಅಳೆಯಲು ಹೊರಟಿರುವುದು ಕಾಲೇಜಿನ ಹೆಸರನ್ನೇ. ಆದರೆ ನಮ್ಮೂರಿನವರು ಹೆಸರನ್ನು ಚಿನ್ನ ಅಂದುಕೊಂಡಿದ್ದಾರೆ, ಯಾವ ಊರಿಗೆ ಒಯ್ದರೂ ಅದೇ ಬೆಲೆ ಅಂತ. ಮುಂಬೈಯವರಿಗೆ ಗೊತ್ತು, ಅದಕ್ಕೆ ಗಡಿ ಇದೆ. ಯಾರು ಬಲ್ಲರೋ ಅವರ ಹತ್ತಿರ ಮಾತ್ರ ಅದು ಚಲಾವಣೆ.

ಮುಂಬೈಯ ಪೊವಾಯಿಯ ವಿಹಾರ್ ಕೆರೆಯ ಪಕ್ಕ ನೈಟಿ (NITIE, ರಾಷ್ಟ್ರೀಯ ಕೈಗಾರಿಕಾ ಎಂಜಿನಿಯರಿಂಗ್ ಸಂಸ್ಥೆ) ಅಂತ ಒಂದು ಸಂಸ್ಥೆ ಇತ್ತು. 1963ರಲ್ಲಿ ಶುರುವಾದದ್ದು. ಕಾರ್ಖಾನೆ, ಸಪ್ಲೈ ಚೈನ್, ಆಪರೇಷನ್ಸ್ ಬಲ್ಲವರಿಗೆ ಅದು ದೊಡ್ಡ ಹೆಸರು. ಮಂಡ್ಯದಲ್ಲಿ ಆ ಹೆಸರು ಹೇಳಿದ್ದರೆ 'ಅದ್ಯಾವ್ದಪ್ಪಾ, ಐಟಿಐನಾ?' ಅನ್ನುತ್ತಿದ್ದರು. 2023ರಲ್ಲಿ ಸಂಸತ್ತು ಐಐಎಂ ಕಾಯ್ದೆಗೆ ತಿದ್ದುಪಡಿ ತಂದಿತು, ನೈಟಿ ಐಐಎಂ ಮುಂಬೈ ಆಯಿತು. ಮೇಷ್ಟ್ರುಗಳು ಅವರೇ, ಹಾಸ್ಟೆಲ್ ಅದೇ, ಕೆರೆಯೂ ಅದೇ. ಬೋರ್ಡು ಬದಲಾಗುವ ಮೊದಲೇ, ಆ ವರ್ಷದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲಿ ಅದು 7ನೇ ಸ್ಥಾನದಲ್ಲಿತ್ತು. ಈಗ ನಮ್ಮ ನೆಂಟರಿಗೆಲ್ಲ ಅದು 'ಐಐಎಂ ಕಣ್ರೀ'. ಕಲಿಸುವುದರಲ್ಲಿ ರಾತ್ರೋರಾತ್ರಿ ಏನೂ ಹೆಚ್ಚಾಗಲಿಲ್ಲ. ಹೆಚ್ಚಾದದ್ದು ಮದುವೆ ಮನೆಯಲ್ಲಿ ಹೇಳಿಕೊಳ್ಳುವ ಸುಖ.

ಹಾಗಾದರೆ ರ‍್ಯಾಂಕಿಂಗ್ ನಂಬೋಣವೇ? ನಂಬಿ, ಆದರೆ ಅದರ ಹೊಟ್ಟೆಯಲ್ಲಿ ಏನಿದೆ ನೋಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ 2016ರಿಂದ ಪಟ್ಟಿ ಹೊರಡಿಸುತ್ತಿದೆ. ಬೋಧನಾ ಸೌಲಭ್ಯ, ಸಂಶೋಧನೆ, ಓದು ಮುಗಿಸಿದವರ ಗತಿ, ಎಲ್ಲ ವರ್ಗದವರಿಗೂ ಜಾಗ ಇದೆಯೇ ಅನ್ನುವುದು, ಕೊನೆಗೆ ಜನಾಭಿಪ್ರಾಯ, ಹೀಗೆ ಐದು ಅಳತೆ. ಅಂಕಿಅಂಶ ಬಹುಪಾಲು ಕಾಲೇಜುಗಳೇ ತುಂಬಿ ಕಳಿಸುವಂಥದ್ದು. ಪ್ರಾಧ್ಯಾಪಕರ ಪ್ರಬಂಧಗಳಿಗೆ ಅಲ್ಲಿ ಒಳ್ಳೆಯ ತೂಕ. ಎರಡು ವರ್ಷ ಓದಿ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಸೇಲ್ಸ್ ನೋಡಿಕೊಳ್ಳುವ ಹುಡುಗನಿಗೆ ಅದರಿಂದ ಎಷ್ಟು ಉಪಯೋಗ ಅನ್ನುವುದು ಬೇರೆ ಮಾತು. ಹೈದರಾಬಾದಿನ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ವರ್ಷಗಳಿಂದ ಆ ಪಟ್ಟಿಯ ತಂಟೆಗೇ ಹೋಗಿಲ್ಲ, ಅದರ ಹೆಸರಿಗೆ ಕುಂದೇನೂ ಬಂದಿಲ್ಲ. ಅಮೆರಿಕದವರು ಇದರಲ್ಲಿ ನಮಗಿಂತ ಪ್ರಾಮಾಣಿಕರು ಅಂದುಕೊಳ್ಳುವುದೂ ಬೇಡ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್, ಸುಳ್ಳು ಲೆಕ್ಕ ಕೊಟ್ಟು ತನ್ನ ಆನ್‌ಲೈನ್ ಎಂಬಿಎಯನ್ನು ದೇಶಕ್ಕೇ ಮೊದಲ ಸ್ಥಾನದಲ್ಲಿ ವರ್ಷಗಟ್ಟಲೆ ಕೂರಿಸಿತ್ತು. ಅದರ ಮಾಜಿ ಡೀನ್ ಮೋಶೆ ಪೊರಾಟ್‌ಗೆ 2022ರಲ್ಲಿ 14 ತಿಂಗಳ ಜೈಲು ಶಿಕ್ಷೆಯಾಯಿತು.

ಇನ್ನು ಆ ಹೈಯೆಸ್ಟ್ ಪ್ಯಾಕೇಜ್. ಬೆಂಗಳೂರು–ಮೈಸೂರು ಹೆದ್ದಾರಿಯ ಅಕ್ಕಪಕ್ಕದ ಹೋರ್ಡಿಂಗ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ನಿಂತಿರುವ ಅಂಕಿ ಒಬ್ಬನದು. ಆ ಒಬ್ಬನಿಗೆ ಮೊದಲೇ ನಾಲ್ಕೈದು ವರ್ಷದ ಅನುಭವ ಇತ್ತೋ, ಸಿಟಿಸಿಯಲ್ಲಿ (ಅಂದರೆ ಕಂಪನಿಗೆ ಅವನಿಂದ ಬೀಳುವ ಒಟ್ಟು ಖರ್ಚಿನಲ್ಲಿ) ಜಾಯಿನಿಂಗ್ ಬೋನಸ್, ಶೇರು, ಸಿಕ್ಕರೂ ಸಿಕ್ಕಬಹುದಾದ ಇನ್ಸೆಂಟಿವ್ ಎಲ್ಲ ಸೇರಿಸಿದ್ದಾರೋ, ಹೋರ್ಡಿಂಗ್ ಹೇಳುವುದಿಲ್ಲ. ನೋಡಬೇಕಾದದ್ದು ಮೀಡಿಯನ್, ಅಂದರೆ ಸಂಬಳಗಳನ್ನು ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವವನದು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಸಾಲಿನಲ್ಲಿ ಎಷ್ಟು ಜನ ನಿಂತಿದ್ದಾರೆ ಅಂತ. 120 ಜನರ ಬ್ಯಾಚಿನಲ್ಲಿ 40 ಜನರನ್ನು 'ಪ್ಲೇಸ್‌ಮೆಂಟ್ ಬೇಡ ಅಂದವರು' ಅಂತ ಪಕ್ಕಕ್ಕಿಟ್ಟರೆ ಉಳಿದವರಲ್ಲಿ ನೂರಕ್ಕೆ ನೂರು ತೋರಿಸುವುದು ಯಾರಿಗೂ ಕಷ್ಟವಲ್ಲ. ಈ ಕಣ್ಕಟ್ಟಿಗೆ ಕಡಿವಾಣ ಹಾಕಲೆಂದೇ ಐಐಎಂ ಅಹಮದಾಬಾದ್ ಮುಂದಾಗಿ ಐಪಿಆರ್‌ಎಸ್ ಅನ್ನುವ ವರದಿ ಕ್ರಮವನ್ನು ರೂಪಿಸಿತು. ಕೈಗೆ ಬರುವ ನಗದು ಬೇರೆ, ಒಂದೇ ಸಲ ಕೊಡುವುದು ಬೇರೆ, ಕೆಲಸ ನೋಡಿ ಕೊಡುವುದು ಬೇರೆ, ಹೀಗೆ ಬಿಡಿಸಿ ಬರೆದು ಹೊರಗಿನವರಿಂದ ಆಡಿಟ್ ಮಾಡಿಸಬೇಕು. ಅಂಥ ವರದಿ ವೆಬ್‌ಸೈಟಿನಲ್ಲಿ ಸಿಕ್ಕರೆ ಆ ಕಾಲೇಜಿಗೆ ನಾನು ಅರ್ಧ ಅಂಕ ಓದದೆಯೇ ಕೊಡುತ್ತೇನೆ.

ಬ್ಯಾಂಕಿನವರ ಅಂದಾಜೂ ಒಂದಿದೆ, ನನಗೆ ಅದರ ಮೇಲೆ ಪತ್ರಿಕೆಗಳ ರ‍್ಯಾಂಕಿಂಗ್‌ಗಿಂತ ಹೆಚ್ಚು ನಂಬಿಕೆ. ಸ್ಟೇಟ್ ಬ್ಯಾಂಕಿನ ಸ್ಕಾಲರ್ ಲೋನ್ ಯೋಜನೆಯಲ್ಲಿ ಆಯ್ದ ಸಂಸ್ಥೆಗಳನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ ಇಟ್ಟಿದ್ದಾರೆ. ಮೇಲಿನ ದರ್ಜೆಯ ಸಂಸ್ಥೆಗೆ ಹೊರಟವನಿಗೆ ದೊಡ್ಡ ಮೊತ್ತವನ್ನೂ ಅಡಮಾನವಿಲ್ಲದೆ ಕೊಡುತ್ತಾರೆ. ಕೆಳಗಿಳಿದ ಹಾಗೆ ಕೈ ಬಿಗಿಯಾಗುತ್ತದೆ. ನಿಮ್ಮ ಹುಡುಗ ಆರಿಸಿದ ಕಾಲೇಜಿಗೆ ಸಾಲ ಕೇಳಲು ಹೋದಾಗ ಮ್ಯಾನೇಜರು ಗದ್ದೆಯ ಪಹಣಿ ತನ್ನಿ ಅಂದರೆ, ಅವರು ಕಾಲೇಜಿನ ಹೆಸರಿಗಿಂತ ನಿಮ್ಮ ಗದ್ದೆಯನ್ನು ನಂಬಿದ್ದಾರೆ ಎಂದರ್ಥ.

ನಮ್ಮ ಆಫೀಸಿನಲ್ಲಿ ಹೊಸಬರ ಸಂದರ್ಶನಕ್ಕೆ ನಾನೂ ಕೂರುತ್ತೇನೆ. ಅಲ್ಲಿ ನಡೆಯುವುದನ್ನು ಇದ್ದ ಹಾಗೆ ಹೇಳುತ್ತೇನೆ. ಎಚ್‌ಆರ್ ಬಳಿ ಕ್ಯಾಂಪಸ್‌ಗಳದೊಂದು ಚಿಕ್ಕ ಪಟ್ಟಿ ಇರುತ್ತದೆ. ಪಟ್ಟಿಯೊಳಗಿನ ಕಾಲೇಜಿನ ಹುಡುಗಿಗೆ ಸಂದರ್ಶನ ತಾನಾಗಿ ಸಿಗುತ್ತದೆ. ಹೊರಗಿನವಳು ಅಷ್ಟೇ ಜಾಣೆಯಾಗಿದ್ದರೂ ಬಾಗಿಲು ತಟ್ಟುತ್ತಲೇ ಇರಬೇಕು. ಹೆಸರಿನ ಕೆಲಸ ಬಾಗಿಲು ತೆಗೆಸುವವರೆಗೆ ಮಾತ್ರ, ಅದೂ ಆ ಒಂದು ಬಾಗಿಲಿನದು. ಈ ಪಟ್ಟಿ ಯಾರೋ ಸಂಶೋಧನೆ ಮಾಡಿ ಬರೆದದ್ದಲ್ಲ. ಮೊದಲು ಬಂದವರು ಚೆನ್ನಾಗಿ ಕೆಲಸ ಮಾಡಿದರು, ಆಮೇಲೆ ಅವರೇ ತಮ್ಮ ಕಾಲೇಜಿಗೆ ಹೋಗಿ ತಮ್ಮಂಥವರನ್ನು ಕರೆತಂದರು. ಚರ್ಚ್‌ಗೇಟಿನ ಜಮನಾಲಾಲ್ ಬಜಾಜ್ ಸಂಸ್ಥೆ 1965ರಿಂದ ಮುಂಬೈ ವಿಶ್ವವಿದ್ಯಾಲಯದ್ದೇ ವಿಭಾಗ, ನಮ್ಮ ಮಾನಸಗಂಗೋತ್ರಿಯ ಬಹದ್ದೂರ್ ಇನ್‌ಸ್ಟಿಟ್ಯೂಟ್ ಮೈಸೂರು ವಿಶ್ವವಿದ್ಯಾಲಯದ್ದಿರುವ ಹಾಗೆ. ಆದರೆ ಅದರ ಗೇಟಿನಿಂದ ನಡೆಯುವಷ್ಟು ದೂರದಲ್ಲಿ ನರಿಮನ್ ಪಾಯಿಂಟ್, ಅಲ್ಲಿನ ಆಫೀಸುಗಳಲ್ಲಿ ಕೂತವರು ಅದರದೇ ಹಳೆಯ ವಿದ್ಯಾರ್ಥಿಗಳು. ನಮ್ಮಲ್ಲಿ ಕಾರ್ಖಾನೆ ಮೈಸೂರಿನ ಹೆಬ್ಬಾಳದಲ್ಲೋ ನಂಜನಗೂಡಿನಲ್ಲೋ ಇದ್ದರೂ ಯಾರನ್ನು ತೆಗೆದುಕೊಳ್ಳಬೇಕು ಅನ್ನುವ ತೀರ್ಮಾನ ಎಷ್ಟೋ ಸಲ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಆಗುತ್ತದೆ. ಬಹದ್ದೂರ್ ಸಂಸ್ಥೆಯ ಓದು ಕಳಪೆ ಅಂತ ಇದರ ಅರ್ಥವಲ್ಲ.

ಮುಂಬೈಯವರ ಇನ್ನೊಂದು ಅಭ್ಯಾಸ ನನಗೆ ಇಷ್ಟ: ಮೊದಲು ಕೆಲಸ, ಆಮೇಲೆ ಎಂಬಿಎ. ಹಗಲು ಆಫೀಸು, ಸಂಜೆ ಲೋಕಲ್ ಹಿಡಿದು ಕ್ಲಾಸು, ಮೂರು ವರ್ಷದ ಪಾರ್ಟ್‌ಟೈಮ್ ಮಾಸ್ಟರ್ಸ್. ಕೆಲಸ ಮಾಡಿದವನ ರೆಸ್ಯೂಮೆಯಲ್ಲಿ ಕಾಲೇಜಿನ ಹೆಸರು ಎರಡನೇ ಸಾಲಿಗೆ ಜಾರುತ್ತದೆ. ನಮ್ಮಲ್ಲಿ ಬಿಕಾಂ, ಬಿಇ ಮುಗಿದ ಮಾರನೇ ತಿಂಗಳೇ ಪಿಜಿಸಿಇಟಿ ಅನ್ನುವ ರಾಜ್ಯದ ಪ್ರವೇಶ ಪರೀಕ್ಷೆ ಬರೆಸುತ್ತಾರೆ; ರೆಸ್ಯೂಮೆಯಲ್ಲಿ ಹೇಳಿಕೊಳ್ಳಲು ಕಾಲೇಜು ಬಿಟ್ಟು ಬೇರೇನೂ ಇರುವುದಿಲ್ಲ, ಹಾಗಾಗಿ ಹೆಸರಿನ ಮೇಲೆ ಅಷ್ಟು ಭಾರ. ಹಾಗಂತ ಮುಂಬೈಯವರೆಲ್ಲ ವಿವೇಕಿಗಳು ಅಂತಲ್ಲ. ತಮ್ಮ ಊರಿನ ಐದಾರು ಸಂಸ್ಥೆಗಳಾಚೆ ಬೇರೆ ಕಾಲೇಜೇ ಇಲ್ಲ ಅನ್ನುವ ಧಿಮಾಕು ಅಲ್ಲಿ ಧಾರಾಳ.

ಮೈಸೂರಿನವರಿಗೆ ಒಂದು ಕಾಲಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲೇ ಇತ್ತು. ಮಹಾರಾಜ ಕಾಲೇಜಿನ ಹೆಸರು ಹಿರಿಯಣ್ಣ, ರಾಧಾಕೃಷ್ಣನ್, ಬಿಎಂಶ್ರೀ, ಕುವೆಂಪು ಪಾಠ ಮಾಡಿದ್ದರಿಂದ ಬಂದದ್ದು. 'ಯಾರ ಹತ್ರ ಓದಿದ್ದು?' ಅಂತ ಕೇಳುತ್ತಿದ್ದ ಊರು ಅದು. ಎಂಬಿಎ ಸೀಟು ಹುಡುಕುವಾಗ ಅದೇ ಊರಿನವರು ಫೈನಾನ್ಸ್ ಯಾರು ಕಲಿಸುತ್ತಾರೆ, ಅವರು ಪೂರ್ಣಕಾಲದವರೋ ಗಂಟೆ ಲೆಕ್ಕದ ಅತಿಥಿಗಳೋ ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕ್ಯಾಂಪಸ್ ಏಸಿನಾ ಅಂತ ಕೇಳುತ್ತಾರೆ.

ನನ್ನ ಅಭಿಪ್ರಾಯ ನೇರವಾದದ್ದು. ಹಳೆಯ ಐಐಎಂಗಳೋ ಅವಕ್ಕೆ ಸಾಟಿಯಾದವೋ ಸಿಕ್ಕರೆ ಸಾಲ ಮಾಡಿ ಹೋಗಲಿ. ಐಐಎಂ ಬೆಂಗಳೂರಿನ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದ್ದರೂ ಆ ಹೆಸರಿನ ಗಡಿ ಬಹಳ ದೂರ. ಅದು ಸಿಗದಿದ್ದರೆ, ಹತ್ತು ಹನ್ನೆರಡು ಲಕ್ಷ ಕೀಳುವ ಪರವೂರಿನ ಅರೆಬೆಂದ ಹೆಸರಿಗಿಂತ ಊರಿನಲ್ಲೇ ಬಹದ್ದೂರ್ ಸಂಸ್ಥೆ, ಚಾಮುಂಡಿ ಬೆಟ್ಟದ ರಸ್ತೆಯ ಎಸ್‌ಡಿಎಂಐಎಂಡಿ, ಮಂಡ್ಯದವರಿಗೆ ಪಿಇಎಸ್, ಇವನ್ನು ಮೊದಲು ನೋಡಬೇಕು. ಕಷ್ಟ ಇರುವುದು ಆ ಅರೆಬೆಂದ, ನಡುವಿನ ಹೆಸರುಗಳಲ್ಲಿ: ದುಡ್ಡು ಲಕ್ಷಗಟ್ಟಲೆ, ನಡೆಯುವುದು ಮಾತ್ರ ಎರಡು ಜಿಲ್ಲೆಯಾಚೆಗೂ ಇಲ್ಲ.

ಮಂಡ್ಯದಲ್ಲಿ ನಮ್ಮ ಸಂಬಂಧಿಕರ ಮಗಳೊಬ್ಬಳು ಈಗ ಇದೇ ಗೊಂದಲದಲ್ಲಿದ್ದಾಳೆ. ಅವರದು ಬೆಲ್ಲದ ವ್ಯಾಪಾರ, ಓದಿ ಬಂದು ಅದನ್ನೇ ಬೆಳೆಸುವ ಆಸೆ ಅವಳಿಗೆ. ಅಪ್ಪನಿಗೆ ಮಾತ್ರ 'ಹೆಸರಿರೋ ಕಾಲೇಜೇ ಆಗ್ಬೇಕು ಕಣಪ್ಪ'. ಬೆಲ್ಲ ಕೊಳ್ಳುವ ಮಂಡಿಯವರು ಅವಳ ಕಾಲೇಜಿನ ಹೆಸರು ಕೇಳುವುದಿಲ್ಲ, ಲೆಕ್ಕ ಬರುತ್ತಾ, ಮಾತಿಗೆ ನಿಲ್ತಾಳಾ ಅಂತ ನೋಡುತ್ತಾರೆ ಅಂದೆ. ಅಪ್ಪ ಒಪ್ಪಲಿಲ್ಲ. ಆಮೇಲೆ ಅವಳೇ ಅಪ್ಪ ಮೆಚ್ಚಿದ ಕಾಲೇಜಿಗೆ ಫೋನ್ ಮಾಡಿ, ಮೀಡಿಯನ್ ಎಷ್ಟು, ಆಡಿಟ್ ಆದ ಪ್ಲೇಸ್‌ಮೆಂಟ್ ವರದಿ ಕಳಿಸುತ್ತೀರಾ ಅಂತ ಕೇಳಿದಳು. ಅವರು ಬ್ರೋಷರ್ ಕಳಿಸಿದರು, ಸೀಟು ಬ್ಲಾಕ್ ಮಾಡಲು 50,000 ಕಟ್ಟಿ ಅಂದರು. ಅಪ್ಪ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಅವಳು ಪಿಜಿಸಿಇಟಿ ಅರ್ಜಿ ತುಂಬಿದ್ದಾಳೆ.