ಮನಸ್ಸಿನ ಕಾಯಿಲೆಯ ಮಾತ್ರೆ ಹಲ್ಲು ಕರಗಿಸಲ್ಲ

‘ಮಾನಸಿಕ ಕಾಯಿಲೆಯ ಮಾತ್ರೆ ಹಲ್ಲು ಕರಗಿಸುತ್ತದೆ, ಇವತ್ತೇ ನಿಲ್ಲಿಸಿ’ ಎಂಬ ಮೆಸೇಜ್ ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಅಷ್ಟು ನಿಜ. ಬಾಯಿಯ ಆಮ್ಲ ತಗ್ಗಿಸಿ ಹಲ್ಲು ಕಾಯುವುದು ಜೊಲ್ಲು. ಅದು ಕಡಿಮೆಯಾದರೆ ಹುಳುಕು ಬೇಗ ಹಿಡಿಯುತ್ತದೆ. ಕ್ಲೋಜಪಿನ್ ಎಂಬ ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಲವರಿಗೆ ಉಲ್ಟಾ, ದಿಂಬು ಒದ್ದೆಯಾಗುವಷ್ಟು ಜೊಲ್ಲು! ಒಣಬಾಯಿಗೆ ನಮ್ಮ ಬಿಸಿಲಲ್ಲಿ ಮತ್ತೆ ಮತ್ತೆ ಸಕ್ಕರೆ ಚಹಾ, ಗುಟ್ಕಾ ಸೇರಿದರೆ ತೊಂದರೆ ಇನ್ನೂ ಜಾಸ್ತಿ. ಹಲ್ಲುಜ್ಜಲು ಮನಸ್ಸೇ ಬಾರದ ದಿನಗಳೂ ಇರುತ್ತವೆ, ಅದು ಸೋಮಾರಿತನ ಅಲ್ಲ.

ಮಾತ್ರೆ ಸುಮ್ನೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಆಗಾಗ ನೀರು ಕುಡಿಯಿರಿ, ಫ್ಲೋರೈಡ್ ಪೇಸ್ಟಿನಿಂದ ಎರಡು ಹೊತ್ತು ಉಜ್ಜಿ, ಮಾತ್ರೆ ಚೀಟಿಯನ್ನು ಹಲ್ಲಿನ ಡಾಕ್ಟರಿಗೂ ತೋರಿಸಿ. ಅನುಮಾನವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಬೀಳಲ್ಲ. ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.