ನಕಾಶೆಯಲ್ಲಿರುವ ಬಂಡಿದಾರಿ ಸಾಕು, ಬೆಟ್ಟದ ಮೈ ಬೇಡ

ಮಕ್ಕಳನ್ನು ಕೂರಿಸಿಕೊಂಡು ಬೆಟ್ಟಗುಡ್ಡಗಳ ಕಚ್ಚಾ ದಾರಿಯಲ್ಲಿ ಗಾಡಿ ಓಡಿಸುವುದನ್ನು ಹುಚ್ಚಾಟವೆಂದು ಬಯ್ಯುವವರ ಪಕ್ಷದಲ್ಲಿ ನಾನಿಲ್ಲ. ಎಂಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಹಳೆಯ ಮಾರುತಿ ಜಿಪ್ಸಿ ಜೀಪಿನಲ್ಲಿ, ಕೊರಟಗೆರೆ, ಮಧುಗಿರಿ, ಪಾವಗಡದ ಕಡೆಯ ಗುಡ್ಡಗಳ ನಡುವೆ ನಾನೇ ಓಡಾಡುತ್ತೇನೆ. ಹೆಂಗಸೊಬ್ಬಳು ಮಗಳನ್ನು ಕಟ್ಟಿಕೊಂಡು ಇಂಥ ದಾರಿಗೆ ಬಂದಿದ್ದಾಳಲ್ಲ ಎಂದು ಬೇಲಿಯಾಚೆಯಿಂದ ಕತ್ತೆತ್ತಿ ನೋಡುವವರು ಈಗಲೂ ಇದ್ದಾರೆ. ಮುಂದಿನ ತಿರುವಿನಲ್ಲಿ ದಾರಿ ಕೊಚ್ಚಿಹೋಗಿದೆಯೇ ಇಲ್ಲವೇ ಎಂದು ತಿಳಿಸುವವರೂ ಅವರೇ ಆದ್ದರಿಂದ ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಈ ಹವ್ಯಾಸ ಇತ್ತೀಚೆಗೆ ಮಕ್ಕಳ ಕಣ್ಣೆದುರೇ ಪಡೆದುಕೊಂಡಿರುವ ರೂಪದ ಬಗ್ಗೆ. ವಾರಾಂತ್ಯದಲ್ಲಿ ತುಮಕೂರು ದಾಟಿ ಬರುವ ಹೊಸ ಗಾಡಿಗಳ ದಂಡು ಕೋಟೆಬೆಟ್ಟಗಳ ಬುಡದ ಇಳಿಜಾರು ಬಂಡೆಗೆ, ನೀರಿಳಿದ ಕೆರೆಯಂಗಳಕ್ಕೆ, ಕುರಿ ಮೇಯುವ ಗೋಮಾಳಕ್ಕೆ ನೇರವಾಗಿ ನುಗ್ಗುತ್ತದೆ. ಚಕ್ರ ನಿಂತಲ್ಲೇ ತಿರುಗಿ ಮಣ್ಣು ಹಾರಿದಷ್ಟೂ ವಿಡಿಯೊ ಚೆನ್ನಾಗಿ ಬರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕಂಬಿ ಹಿಡಿದುಕೊಂಡು ಕೂತಿರುತ್ತಾರೆ, ಅಪ್ಪ ಕ್ಯಾಮೆರಾದ ಕಡೆ ತಿರುಗಿ ಬೆಟ್ಟ ಗೆದ್ದೆನೆಂದು ಘೋಷಿಸುತ್ತಾನೆ. ಬೆಟ್ಟವೇನು ಇವನೊಡನೆ ಪಂದ್ಯ ಕಟ್ಟಿತ್ತೇ? ನಮ್ಮದು ಮಳೆ ಕಡಿಮೆಯಾದ ಸೀಮೆ. ಗುಡ್ಡದ ಬುಡದಲ್ಲಿ ಬಂಡೆಯ ಮೇಲೆ ಕೂತಿರುವ ಮಣ್ಣು ಎಷ್ಟೋ ಕಡೆ ಒಂದು ಗೇಣೂ ಇರುವುದಿಲ್ಲ, ಅದನ್ನು ಹಿಡಿದಿಟ್ಟಿರುವುದು ಒರಟು ಹುಲ್ಲಿನ ಬೇರು ಮಾತ್ರ. ಇಳಿಜಾರನ್ನು ನೇರವಾಗಿ ಹತ್ತಿದ ಚಕ್ರದ ಗೆರೆ ಮುಂದಿನ ಮಳೆಗೆ ನೀರಿನ ದಾರಿಯಾಗುತ್ತದೆ, ಅದರ ಮುಂದಿನ ಮಳೆಗೆ ಕೊರಕಲಾಗುತ್ತದೆ, ಕೊರಕಲಿನ ಮಣ್ಣು ಕೆಳಗಿನ ಕಟ್ಟೆಗೆ ಹೂಳಾಗಿ ಇಳಿಯುತ್ತದೆ. ಹಾಕಿಕೊಂಡ ವಿಡಿಯೊ ಒಂದು ವಾರದಲ್ಲಿ ಎಲ್ಲರಿಗೂ ಮರೆತುಹೋಗಿರುತ್ತದೆ, ಹೂಳನ್ನು ಮಾತ್ರ ಊರಿನವರು ಎತ್ತಬೇಕು.

ಹಾಗಾದರೆ ಗಾಡಿ ಎಲ್ಲಿ ಓಡಿಸಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಗ್ರಾಮ ನಕಾಶೆಯನ್ನು. ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಯನ್ನು ಆರಿಸಿಕೊಂಡರೆ ಹಳ್ಳಿ ಹಳ್ಳಿಯ ನಕಾಶೆ ಯಾರಿಗೆ ಬೇಕಾದರೂ ಸಿಗುತ್ತದೆ. ಅದರಲ್ಲಿ ಸರ್ವೆ ನಂಬರುಗಳ ಗಡಿ, ಕೆರೆ, ಹಳ್ಳ, ಗುಂಡುತೋಪುಗಳ ಜೊತೆಗೆ ಬಂಡಿದಾರಿ ಮತ್ತು ಕಾಲುದಾರಿಗಳನ್ನು ಬೇರೆ ಬೇರೆಯಾಗಿ ಗುರುತಿಸಿರುತ್ತಾರೆ. ಪಂಚಾಯಿತಿ ಕಟ್ಟೆಯ ಜಗಳಗಳಲ್ಲಿ ‘ನಕಾಶೇಲಿ ದಾರಿ ಐತೆ ಕಣಯ್ಯ, ನೀನ್ ಹೆಂಗೆ ಬೇಲಿ ಹಾಕ್ತೀಯ’ ಎಂದು ಕೇಳಿಬರುವ ದಾರಿ ಇದೇ. ಇಂಥ ದಾರಿಗಳಿಗೆ ಬಿಟ್ಟ ಜಮೀನು ದಾಖಲೆಯಲ್ಲಿ ಬಿ ಖರಾಬು ಎಂದು ನಮೂದಾಗಿರುತ್ತದೆ, ಅಂದರೆ ಅಕ್ಕಪಕ್ಕದ ಹೊಲದವನ ಹಿಡುವಳಿಗೆ ಸೇರದೆ ಸಾರ್ವಜನಿಕ ಬಳಕೆಗೆ ಉಳಿದದ್ದು. ನಾವು ನಿಂತಿರುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಮೊಬೈಲಿನಲ್ಲೇ ತೋರಿಸುವ ದಿಶಾಂಕ್ ಆ್ಯಪ್ ಕೂಡ ಸರ್ಕಾರದ್ದೇ ಇದೆ.

ನಮ್ಮ ಮನೆಯಲ್ಲಿ ನಕಾಶೆಯ ಕೆಲಸ ಪೂರ್ತಿ ಮಗಳದು. ಒಂದೊಂದು ಹಳ್ಳಿಗೆ ಒಂದೊಂದು ಹಾಳೆಯಾದ್ದರಿಂದ ಬಂಡಿದಾರಿಯ ಗೆರೆ ಗ್ರಾಮದ ಗಡಿಗೆ ಬಂದು ತುಂಡಾಗಿ ನಿಲ್ಲುತ್ತದೆ, ಪಕ್ಕದ ಗ್ರಾಮದ ಹಾಳೆ ತಂದು ಜೋಡಿಸಿದರೆ ಅಂಚುಗಳು ಸುಲಭಕ್ಕೆ ಕೂಡಿಕೊಳ್ಳುವುದಿಲ್ಲ. ಅವಳು ಮುದ್ರಿಸಿದ ಹಾಳೆಗಳನ್ನು ನಡುಮನೆಯ ನೆಲದ ಮೇಲೆ ಹರಡಿ, ಎರಡೂ ಹಾಳೆಗಳಲ್ಲಿ ಹರಿಯುವ ಒಂದು ಹಳ್ಳವನ್ನು ಮೊದಲು ಹಿಡಿದುಕೊಂಡು, ಅದರ ಆಧಾರದ ಮೇಲೆ ಗಡಿಯನ್ನು ತಿರುಗಿಸಿ ಕೂರಿಸುತ್ತಾಳೆ. ಇಷ್ಟು ಮಾಡುವ ಹೊತ್ತಿಗೆ ದಾರಿ ಯಾಕೆ ಹಾಗೆ ಹೋಗಿದೆ ಎಂಬುದು ಹೇಳಿಕೊಡದೆಯೇ ತಿಳಿಯತೊಡಗುತ್ತದೆ. ಹಳೆಯ ಬಂಡಿದಾರಿಗಳು ಊರಿನಿಂದ ಹೊರಟು ಕೆರೆ ಏರಿಯ ಬದಿ ಹಿಡಿದು, ಗುಡ್ಡವನ್ನು ಬಳಸಿಕೊಂಡು, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ದಾಟಿ, ಸಂತೆ ನಡೆಯುವ ಊರಿಗೆ ಇಳಿಯುತ್ತವೆ. ತುಂಬಿದ ಬಂಡಿಯನ್ನು ಎತ್ತು ಎಳೆಯಲಾರದ ಏರಿಗೆ ನಮ್ಮ ಹಿರಿಯರು ದಾರಿ ಮಾಡಲಿಲ್ಲ. ಆದ್ದರಿಂದ ಈ ದಾರಿಗಳಲ್ಲಿ ಗಾಡಿ ಮಗುಚುವಂಥ ಕಡಿದಾದ ಏರು ಅಪರೂಪ. ಹಾಗೆಂದು ಸಲೀಸೂ ಅಲ್ಲ. ಬಂಡಿಗಳು ನಿಂತು ಎಷ್ಟೋ ಕಾಲವಾಗಿರುವುದರಿಂದ ಮಳೆನೀರು ಮಧ್ಯದಲ್ಲಿ ಕೊರೆದ ಕಾಲುವೆ, ಉರುಳಿ ಬಿದ್ದ ಗುಂಡು, ಎರಡೂ ಕಡೆಯಿಂದ ಮುತ್ತಿಕೊಂಡ ಜಾಲಿ ಎಲ್ಲವೂ ಇರುತ್ತವೆ. ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್ ಗಾಡಿಗೂ ಓಡಿಸುವವರ ಕೈಗೂ ಇಷ್ಟು ಕೆಲಸ ಧಾರಾಳವಾಯಿತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಹಳ್ಳಿಯ ದಾರಿಯಲ್ಲಿ ಪೊಲೀಸರಿಲ್ಲ ಎಂಬ ಧೈರ್ಯಕ್ಕೆ ಮಕ್ಕಳ ಕೈಗೆ ಸ್ಟಿಯರಿಂಗ್ ಕೊಡುವ ತಂದೆತಾಯಿಗಳನ್ನು ನಾನು ಕಂಡಿದ್ದೇನೆ, ತೊಡೆಯ ಮೇಲೆ ಕೂರಿಸಿಕೊಂಡು ಓಡಿಸುವವರನ್ನೂ ಕಂಡಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಕಾರು ಓಡಿಸಬಾರದು ಎನ್ನುತ್ತದೆ, ಮತ್ತು ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ರಸ್ತೆ, ದಾರಿ ಅಥವಾ ಜಾಗವನ್ನು ಅದು ಸಾರ್ವಜನಿಕ ಸ್ಥಳವೆಂದೇ ಕರೆಯುತ್ತದೆ, ಅಲ್ಲಿ ಡಾಂಬರು ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಅಂದರೆ ಯಾವ ಹಕ್ಕಿನ ಮೇಲೆ ನಾನು ಆ ಬಂಡಿದಾರಿಗೆ ಗಾಡಿ ಇಳಿಸುತ್ತೇನೋ ಅದೇ ಹಕ್ಕು ಅಲ್ಲಿ ನನ್ನ ಮಗಳು ಸ್ಟಿಯರಿಂಗ್ ಹಿಡಿಯದಂತೆ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಕೊನೆಯದನ್ನು ಓದಿ ಹೇಳಿದ ಮೇಲೆ ನನ್ನ ಮಗಳು ಸ್ಟಿಯರಿಂಗಿನ ಮಾತೆತ್ತುವುದನ್ನು ಬಿಟ್ಟಿದ್ದಾಳೆ.

ಸ್ಟಿಯರಿಂಗ್ ಒಂದನ್ನು ಬಿಟ್ಟರೆ ಮಿಕ್ಕ ಕೆಲಸವೆಲ್ಲ ಅವಳದೇ, ಮತ್ತು ಅದು ಸಣ್ಣ ಕೆಲಸವಲ್ಲ. ಡಾಂಬರು ಮುಗಿದು ಮಣ್ಣು ಸಿಕ್ಕಿದ ಕೂಡಲೇ ಅವಳು ಇಳಿದು, ಒಂದೊಂದು ಮುಂಚಕ್ರದ ನಟ್ಟನಡುವೆ ಇರುವ ತಿರುಗುಗುಂಡಿಯನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದು ‘ಫ್ರೀ’ಯಿಂದ ‘ಲಾಕ್’ಗೆ ತಿರುಗಿಸುತ್ತಾಳೆ. ಈಗಿನ ಗಾಡಿಗಳಲ್ಲಿ ಇದರ ಅಗತ್ಯವಿಲ್ಲ. ಹಳೆಯ ಜಿಪ್ಸಿಯಲ್ಲಿ ಹೀಗೆ ತಿರುಗಿಸದೆ ಒಳಗಿನ ಫೋರ್ ವೀಲ್ ಲಿವರನ್ನು ಎಷ್ಟು ಎಳೆದರೂ ಮುಂಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಆಮೇಲೆ ಟೈರಿನ ಗಾಳಿಯನ್ನು ಸುಮಾರು ಕಾಲುಭಾಗ ಇಳಿಸಿ, ಮೀಟರು ಹಿಡಿದು ನಾಲ್ಕೂ ಚಕ್ರಗಳನ್ನು ನೋಡುತ್ತಾಳೆ. ಗಾಳಿ ಇಳಿದ ಟೈರು ನೆಲವನ್ನು ಉದ್ದಕ್ಕೂ ತಬ್ಬಿ ಹಿಡಿಯುತ್ತದೆ, ಕಲ್ಲಿನ ಮೇಲೆ ಪುಟಿಯುವುದಿಲ್ಲ. ಡಾಂಬರಿಗೆ ಮರಳುವ ಮುನ್ನ ಪಂಪಿನಿಂದ ಮತ್ತೆ ತುಂಬಿಸಬೇಕು, ಲಾಕ್ ತೆಗೆಯಬೇಕು. ಮುಂದಿನ ಹಿಂದಿನ ಚಕ್ರಗಳನ್ನು ಒಂದಕ್ಕೊಂದು ಬಿಗಿದಿರುವ ಇಂಥ ಗಾಡಿಯನ್ನು ಒಣ ಡಾಂಬರಿನಲ್ಲಿ ಹಾಗೆಯೇ ಓಡಿಸಿ ತಿರುಗಿಸಿದರೆ ಗೇರಿನ ಹಲ್ಲು, ಶಾಫ್ಟುಗಳ ಮೇಲೆ ವಿನಾಕಾರಣ ಒತ್ತಡ ಬೀಳುತ್ತದೆ.

ನಿಜವಾದ ಕೆಲಸ ಬರುವುದು ದಾರಿ ಕೆಟ್ಟಲ್ಲಿ. ನಾನು ಎಂಜಿನ್ ನಿಲ್ಲಿಸುತ್ತೇನೆ, ಇಬ್ಬರೂ ಇಳಿದು ಮುಂದಿನ ತುಂಡನ್ನು ಪೂರ್ತಿ ನಡೆದು ನೋಡುತ್ತೇವೆ. ಎಡ ಚಕ್ರ ಯಾವ ಕಲ್ಲಿನ ಮೇಲೆ, ಬಲ ಚಕ್ರ ಕೊರಕಲಿನ ಯಾವ ದಡದಲ್ಲಿ ಎಂಬುದನ್ನು ಅವಳೇ ತೀರ್ಮಾನಿಸಿ ನನಗೆ ಹೇಳಬೇಕು, ನನಗೆ ಒಪ್ಪಿಗೆಯಾಗದಿದ್ದರೆ ಅಲ್ಲೇ ವಾದ ಮಾಡಿ ಮುಗಿಸಬೇಕು, ಗಾಡಿ ಹೊರಟ ಮೇಲೆ ವಾದವಿಲ್ಲ. ಆಮೇಲೆ ಅವಳು ಇಳಿಜಾರಿನ ಮೇಲ್ಬದಿಗೆ, ಗಾಡಿಯಿಂದ ದೂರಕ್ಕೆ, ನನ್ನ ಕಣ್ಣಿಗೆ ಬೀಳುವಂತೆ ನಿಂತು ಕೈಸನ್ನೆ ಮಾಡುತ್ತಾಳೆ. ಗಾಡಿಯ ನೇರ ಮುಂದೆ ನಿಲ್ಲಬಾರದು, ಹಿಮ್ಮುಖವಾಗಿ ನಡೆಯಬಾರದು, ಅವಳು ಕಣ್ಮರೆಯಾದ ಕ್ಷಣ ನಾನು ಬ್ರೇಕ್ ಒತ್ತಲೇಬೇಕು. ಈ ಮೂರು ನಿಯಮಗಳಲ್ಲಿ ರಿಯಾಯಿತಿ ಇಲ್ಲ. ಮಾತು ಕೇಳದ ವಯಸ್ಸಿನ ಮಗುವೊಂದು, ಒಂದೂಕಾಲು ಮುಷ್ಟಿಯಷ್ಟು ಎಡಕ್ಕೆ ಎಂದು ಕೈಯಲ್ಲಿ ತೋರಿಸಿದರೆ ತಾಯಿ ಮರುಮಾತಿಲ್ಲದೆ ಅಷ್ಟೇ ತಿರುಗಿಸುವ ಸಂದರ್ಭ ಮನೆಯಲ್ಲಂತೂ ಬರುವುದಿಲ್ಲ.

ಮಧುಗಿರಿ ಸೀಮೆಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಕೊಳವೆಬಾವಿಯಿಂದ ಆಚೆ ಹೊಲಕ್ಕೆ ನೀರು ಒಯ್ಯುವ ಕಪ್ಪು ಪೈಪನ್ನು ರೈತರು ಬಂಡಿದಾರಿಗೆ ಅಡ್ಡಲಾಗಿ ಹಾಸಿರುತ್ತಾರೆ. ಧೂಳು ಮುಚ್ಚಿದ ಪೈಪು ಡ್ರೈವರ್ ಸೀಟಿನಿಂದ ಕಾಣುವುದಿಲ್ಲ. ಚಕ್ರ ಹತ್ತಿ ಜೋಡಣೆ ಬಿಟ್ಟುಕೊಂಡರೆ, ಕರೆಂಟು ಇರುವ ಅಷ್ಟು ಹೊತ್ತಿನ ನೀರು ಆ ರೈತನ ಕಡಲೆಕಾಯಿ ಹೊಲದ ಬದಲು ದಾರಿಗೆ ಹರಿಯುತ್ತದೆ. ಆದ್ದರಿಂದ ಹೊಲಗಳ ನಡುವೆ ಅವಳು ಮುಂದೆ ನಡೆಯುತ್ತಾಳೆ, ಪೈಪು ಕಂಡಲ್ಲಿ ನಾವಿಬ್ಬರೂ ಅದರ ಎರಡೂ ಬದಿಗೆ ಚಪ್ಪಟೆ ಕಲ್ಲುಗಳನ್ನು ಪೈಪಿಗಿಂತ ಎತ್ತರಕ್ಕೆ ಜೋಡಿಸಿ, ಭಾರ ಕಲ್ಲಿನ ಮೇಲೆ ಬೀಳುವಂತೆ ದಾಟಿಸಿ, ದಾಟಿದ ಮೇಲೆ ಕಲ್ಲುಗಳನ್ನು ಬದುವಿಗೆ ಹಾಕಿ ಮುಂದೆ ಹೋಗುತ್ತೇವೆ. ಕುರಿಮಂದೆ ಎದುರಾದರೆ ಎಂಜಿನ್ ಆರಿಸಿ ಕೂರುವುದು. ಹಟ್ಟಿಗಳ ಬಳಿ ಇಳಿದು, ಕೇಳಿ, ಆಮೇಲೆ ಮುಂದುವರಿಯುವುದು.

ಇಳಿಯುವಾಗಿನ ಒಂದು ಮಾತು. ಪಾವಗಡದಿಂದ ಮಧುಗಿರಿ, ತುಮಕೂರಿನ ಮೇಲೆ ಹಾದು ರಾಮನಗರದಾಚೆಗೂ ಹಬ್ಬಿರುವ ಈ ಕಲ್ಲಿನ ಪಟ್ಟಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ಸವೆದು ಉದುರಿದ ಒರಟು ಗರಸು ಇಳಿಜಾರಿನಲ್ಲಿ ಬಿದ್ದಿದ್ದರೆ ಅದರ ಮೇಲೆ ಬ್ರೇಕ್ ಒತ್ತುವುದು ಚೆಲ್ಲಿದ ಕಡಲೆಕಾಳಿನ ಮೇಲೆ ಓಡಿದಂತೆ, ಚಕ್ರ ನಿಂತರೂ ಗಾಡಿ ನಿಲ್ಲುವುದಿಲ್ಲ. 4ಎಲ್‌ಗೆ, ಅಂದರೆ ನಾಲ್ಕೂ ಚಕ್ರಗಳು ನಿಧಾನಕ್ಕೆ, ಹೆಚ್ಚು ಬಲದಿಂದ ತಿರುಗುವ ಸ್ಥಾನಕ್ಕೆ ಲಿವರು ಹಾಕಿ, ಮೊದಲ ಗೇರಿನಲ್ಲಿ, ಕ್ಲಚ್ಚಿನಿಂದ ಕಾಲು ತೆಗೆದು, ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವಂತೆ ಬಿಟ್ಟರೆ ಮನುಷ್ಯ ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ಕೆಳಗೆ ಬರಬಹುದು. ನೋಡುವವರಿಗೆ ಇದರಲ್ಲಿ ರೋಮಾಂಚನವೇನೂ ಇಲ್ಲ, ವಿಡಿಯೊ ಮಾಡಿದರೆ ಯಾರೂ ಪೂರ್ತಿ ನೋಡಲಾರರು.

ಮಧುಗಿರಿ ಬೆಟ್ಟವನ್ನು ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂದು ಕರೆಯುವ ರೂಢಿ ನಮ್ಮಲ್ಲಿದೆ, ಯಾರು ಯಾವಾಗ ಅಳೆದರೆಂದು ಮಗಳು ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಆದರೆ ಆ ಬೆಟ್ಟವಾಗಲಿ, ಚನ್ನರಾಯನದುರ್ಗ, ಮಿಡಿಗೇಶಿಗಳಾಗಲಿ ಕಾಲಿನಿಂದ ಹತ್ತುವುದಕ್ಕೆ ಇರುವಂಥವು. ಗಾಡಿಯನ್ನು ಊರೊಳಗೆ ನಿಲ್ಲಿಸಿ ಹತ್ತಬೇಕು. ಮೀಸಲು ಅರಣ್ಯದ ಒಳಗೆ ಅಪ್ಪಣೆಯಿಲ್ಲದೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ, ನಕಾಶೆಯ ಗೆರೆ ಒಳಗೆ ಮುಂದುವರಿದಿದ್ದರೂ ನಾವು ಗಡಿಯಲ್ಲೇ ತಿರುಗಿಕೊಳ್ಳುತ್ತೇವೆ. ಈ ಗುಡ್ಡಗಳ ಬಂಡೆಸಂದುಗಳಲ್ಲಿ ಕರಡಿ, ಚಿರತೆಗಳಿವೆ. ಕರಡಿ ಹೊರಬರುವುದು ಹೆಚ್ಚಾಗಿ ಮುಸ್ಸಂಜೆಯ ಮೇಲಾದ್ದರಿಂದ ಬಿಸಿಲಿರುವಾಗಲೇ ಡಾಂಬರಿಗೆ ಬಂದಿರಬೇಕು. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಸುತ್ತಲಿನ ಬಯಲಂತೂ ಖಾಲಿ ಮೈದಾನದಂತೆ ಕಂಡು ಚಾಲಕರ ಕೈ ಕಡಿಯುವಂತೆ ಮಾಡುತ್ತದೆ. ಆ ಹುಲ್ಲಿನಲ್ಲಿ ಟಿಟ್ಟಿಭ, ನೆಲಗುಬ್ಬಿಯಂಥ ಹಕ್ಕಿಗಳು ನೆಲದಲ್ಲೇ, ಮಣ್ಣಿನದೇ ಬಣ್ಣದ ಮೊಟ್ಟೆ ಇಡುತ್ತವೆ. ಹತ್ತಿರ ನಿಂತರೂ ಕಾಣದ ಮೊಟ್ಟೆ ಗಾಡಿಯೊಳಗಿನಿಂದ ಎಲ್ಲಿ ಕಂಡೀತು?

ಇಷ್ಟೆಲ್ಲ ಕಟ್ಟುಪಾಡು ಇದ್ದರೆ ನಡೆದೇ ಹೋಗಬಹುದಲ್ಲ, ಪೆಟ್ರೋಲು ಯಾಕೆ ಸುಡಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಜಿಪ್ಸಿಯ ಪೆಟ್ರೋಲು ದಾಹದ ಬಗ್ಗೆ ನಾನು ವಾದಕ್ಕೆ ಇಳಿಯುವುದಿಲ್ಲ. ನಡೆಯುವುದರಲ್ಲಿ ಸಿಗುವುದೇ ಬೇರೆ, ನಾವು ನಡೆಯುತ್ತೇವೆ ಕೂಡ. ಆದರೆ ಗಾಡಿ ಎಂದರೆ ಕೀಲಿ ತಿರುಗಿಸಿದರೆ ಓಡುವ ಡಬ್ಬಿ ಎಂದು ತಿಳಿದು ಬೆಳೆಯುವ ಮಗುವಿಗಿಂತ, ಅದರ ಭಾರ ಎಲ್ಲಿ ಬೀಳುತ್ತದೆ, ಅದು ಯಾವಾಗ ಜಾರುತ್ತದೆ, ಅದರ ಚಕ್ರದ ಕೆಳಗೆ ಯಾರ ಪೈಪು ಇದೆ ಎಂದು ಇಳಿದು ನೋಡಿದ ಮಗು ಮುಂದೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಓಡಿಸುವಾಗಲೂ ಬೇರೆ ಥರ ಓಡಿಸುತ್ತದೆ ಎಂದು ನಾನು ನಂಬಿದ್ದೇನೆ.

ನಾವು ಹೋಗಿಬಂದ ದಾರಿಗಳ ಲೊಕೇಶನ್ ಹಾಕಿ ಎಂದು ಕೆಲವು ಸ್ನೇಹಿತರು ಕೇಳಿದ್ದೀರಿ. ಹಾಕುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಒಂದು ಕಿರಿದಾದ ಬಂಡಿದಾರಿಗೆ ಒಂದೇ ಭಾನುವಾರ ಇಪ್ಪತ್ತು ಗಾಡಿ ಇಳಿದರೆ ಸೋಮವಾರ ಆ ರೈತ ಅಲ್ಲಿ ಮುಳ್ಳು ಹಾಕುತ್ತಾನೆ, ಅವನನ್ನು ದೂರುವಂತಿಲ್ಲ. ನಿಮ್ಮ ಹೋಬಳಿಯ ನಕಾಶೆ ಇಳಿಸಿಕೊಂಡು ಮಗುವಿನ ಕೈಗೆ ಕೊಡಿ. ಸುಗ್ಗಿ ಮುಗಿದ ಮೇಲೆ, ಬೇಸಿಗೆ ಬಲಿಯುವ ಮುಂಚೆ ಹೊರಡಿ. ಜೊತೆಗೆ ಇನ್ನೊಂದು ಗಾಡಿ ಇರಲಿ, ಎಳೆಯುವ ಪಟ್ಟಿ, ಗುದ್ದಲಿ, ಗಾಳಿಪಂಪು, ಬೇಕಾದ್ದಕ್ಕಿಂತ ಹೆಚ್ಚು ನೀರು ಇರಲಿ. ನಕಾಶೆಗಳ ಅಂಚು ಕೂಡಿಸುವುದು ಹೇಗೆಂದು ತಿಳಿಯದಿದ್ದರೆ ಮೆಸೆಂಜರಿನಲ್ಲಿ ಕೇಳಿ, ಮಗಳ ಪರೀಕ್ಷೆ ಮುಗಿದ ಮೇಲೆ ಅವಳಿಂದಲೇ ಉತ್ತರ ಬರೆಸುತ್ತೇನೆ.